ಛತ್ರದ ಮುಂದಿನ ಗುಂಡಿ

ಹಾಲು ಮಾರುವ ಪುಟ್ಟಸಿದ್ದಮ್ಮ ಮದುವೆ ಛತ್ರಕ್ಕೆ ಹಾಲು ಕೊಡಲು ಹೋದಳು. ವಾಹನ ನಿಲ್ಲಿಸುವ ಜಾಗದಲ್ಲಿ ದೊಡ್ಡ ಗುಂಡಿಯಿತ್ತು. ನೀರು ತುಂಬಿದ್ದರಿಂದ ಕಾಣಲಿಲ್ಲ. ಮೊಪೆಡ್ ಸಮೇತ ಬಿದ್ದಳು. ಮಂಡಿ ತರಚಿತು, ಹಾಲು ಚೆಲ್ಲಿತು, ಮುಂದಿನ ಚಕ್ರ ಸೊಟ್ಟಗಾಯಿತು.

"ಗಾಡಿ ರಿಪೇರಿ ಮಾಡಿಸಿಕೊಡಿ ಸ್ವಾಮಿ," ಎಂದು ಛತ್ರದ ಮಾಲೀಕ ನಂಜರಾಜಯ್ಯನನ್ನು ಕೇಳಿದಳು.

ಆತ ಶಲ್ಯ ಕೊಡವಿ, ನೆಂಟರಿಗೆಲ್ಲ ಕೇಳುವಂತೆ ಗದರಿದ. "ನನ್ನ ಛತ್ರ ಈ ಮೆಟ್ಟಿಲಿಗೇ ಮುಗೀತು. ಆ ಜಾಗ ನಂದಲ್ಲ. ಯಾರದೋ ಗುಂಡಿಗೆ ನಾನ್ಯಾಕೆ ಹೊಣೆ?"

"ನಿಮ್ಮದಲ್ವಾ? ಹಾಗಾದ್ರೆ ಸರಿ ಬಿಡಿ," ಎಂದು ಪುಟ್ಟಸಿದ್ದಮ್ಮ ಕುಂಟುತ್ತ ಹೊರಟುಹೋದಳು.

ಮರುದಿನ ಅಲ್ಲಿ ಇನ್ನೂ ದೊಡ್ಡ ಮದುವೆ. ಕಾರುಗಳಲ್ಲಿ ಬಂದವರು ನೋಡಿದರೆ, ಆ ಜಾಗದ ತುಂಬ ಗೂಟ ಹೊಡೆದು ಎಮ್ಮೆಗಳನ್ನು ಕಟ್ಟಲಾಗಿದೆ! ಒಂದಂತೂ ಗುಂಡಿಯ ನೀರಿನಲ್ಲಿ ಹಾಯಾಗಿ ಮಲಗಿದೆ.

ನಂಜರಾಜಯ್ಯ ಓಡಿಬಂದ. ಪುಟ್ಟಸಿದ್ದಮ್ಮ ಎಮ್ಮೆಗಳಿಗೆ ಹುಲ್ಲು ಹಾಕುತ್ತಿದ್ದಳು. "ಯಾರನ್ನ ಕೇಳಿ ಕಟ್ಟಿದೆ?"

"ಯಾರನ್ನ ಕೇಳೋದು ಸ್ವಾಮಿ? ಇದಕ್ಕೆ ಯಜಮಾನರೇ ಇಲ್ವಲ್ಲ! ಇದ್ರೆ ತೋರಿಸಿ, ಈಗಲೇ ಬಿಚ್ತೀನಿ. ನನ್ನ ಚಕ್ರದ ವಿಷಯಾನೂ ಅವರ ಹತ್ರಾನೇ ಮಾತಾಡ್ತೀನಿ."

ಬೀದಿಯಲ್ಲಿ ವರನ ಕಾರು ಹಾರ್ನ್ ಹೊಡೆಯಿತು. ಗುಂಡಿಯ ಎಮ್ಮೆ ಬಾಲ ಬೀಸಿ ಮಾಲೀಕನ ರೇಷ್ಮೆ ಪಂಚೆಗೆ ಕೆಸರು ಹಾರಿಸಿತು.

"ಜಾಗ ನಂದೇ ಕಣಮ್ಮ! ಗುಂಡೀನೂ ನಂದೇ! ಚಕ್ರ ಹಾಕಿಸಿಕೊಡ್ತೀನಿ, ಮೊದಲು ಇದನ್ನ ಎಬ್ಬಿಸು!" ಎಂದು ನಂಜರಾಜಯ್ಯ ಕೈಮುಗಿದ.