ಜಲ್ಲಿ ತೊಳೆದ ನೀರು

ಗುರು ಎಂದರೆ ಸದಾ ಮುಗುಳ್ನಗುತ್ತಾ ಕೂತಿರಬೇಕು ಅಂತ ಯಾರು ಹೇಳಿದರೋ ಕಾಣೆ. ನಾನು ಹೇಳುವ ಗುರುವಿಗೆ ಮೂಗಿನ ತುದಿಯಲ್ಲೇ ಸಿಟ್ಟು. ಶಿಷ್ಯನಿಗೆ ಅದಕ್ಕಿಂತ ಒಂದು ಹಿಡಿ ಹೆಚ್ಚು. ಬೇರೆ ಗುರುಗಳ ಕತೆಯೆಲ್ಲ ಮರೆತುಹೋಗಿದೆ, ಇದೊಂದು ಮರೆತಿಲ್ಲ.

ಹೊಳೆ ದಂಡೆಯಲ್ಲಿ ಒಂದು ಸಣ್ಣ ಮಠ. ಗುರುಗಳ ಹೆಸರು ಗವಿಯಯ್ಯ. ಜನ ಅವರನ್ನು 'ಬುದ್ಧಿ' ಎಂದು ಕರೆಯುತ್ತಿದ್ದರು. ಅವರು ಮಾತ್ರ ಯಾರೇ ಬರಲಿ, 'ನೀನು' ಅಂತಲೇ ಮಾತಾಡಿಸುತ್ತಿದ್ದರು.

ಮಠಕ್ಕೆ ಬಂದವರು ಹೊಂಗೆ ಮರದ ಕೆಳಗೆ ಕೂತು ಉಣ್ಣುತ್ತಿದ್ದರು. ಮಳೆ ಬಂದರೆ ಎಲೆ ಎತ್ತಿಕೊಂಡು ಓಡಬೇಕು. ಅದಕ್ಕೇ ಒಂದು ಊಟದ ಮನೆ ಕಟ್ಟುವುದು ಅಂತಾಯಿತು. ಗೋಡೆ ಎದ್ದಿತು. ಮೇಲೆ ಸೂರಿಗೆ ಕಾಂಕ್ರೀಟಿನ ಮೋಲ್ಡ್ ಹಾಕುವುದಕ್ಕೆ ಜಲ್ಲಿ ಬೇಕಿತ್ತು.

ಒಂದು ಬೆಳಿಗ್ಗೆ ಲಾರಿ ಬಂದು ಅಂಗಳದಲ್ಲಿ ಜಲ್ಲಿ ಸುರಿದು ಹೋಯಿತು. ಧೂಳು ಎದ್ದು ಹೊಂಗೆ ಮರವೇ ಕಾಣದಂತಾಯಿತು.

ಶಿಷ್ಯ ಶಿವಮಲ್ಲು ಸೌಟು ಹಿಡಿದುಕೊಂಡೇ ಅಡುಗೆಮನೆಯಿಂದ ಹೊರಗೆ ಬಂದ. ಹೋಗುತ್ತಿದ್ದ ಲಾರಿಯ ಹಿಂದೆ ಬರೆದಿದ್ದ ಹೆಸರು ಓದಿದ. ವೃಷಭೇಂದ್ರಪ್ಪನ ಕ್ರಷರ್. ಅವನ ಮೈಯೆಲ್ಲ ಉರಿದುಹೋಯಿತು.

ಆ ಕ್ರಷರ್‌ನಲ್ಲಿ ಅವನ ತಮ್ಮ ಚಿಕ್ಕಮಾದು ಎಂಟು ವರ್ಷ ದುಡಿದಿದ್ದ. ಬೆಟ್ಟದ ಕಲ್ಲು ಪುಡಿಯಾಗಿ ಜಲ್ಲಿ ಬೀಳುವ ಬಾಯಲ್ಲೇ ಅವನ ಜಾಗ. ಅಲ್ಲಿ ನೀರು ಚಿಮುಕಿಸಿದರೆ ಧೂಳು ಏಳುವುದಿಲ್ಲ. ಒದ್ದೆಯಾದರೆ ಜರಡಿ ಕಟ್ಟಿಕೊಳ್ಳುತ್ತೆ, ಕೆಲಸ ಸಾಗಲ್ಲ ಅಂತ ವೃಷಭೇಂದ್ರಪ್ಪ ನೀರು ಬಿಡಿಸಲಿಲ್ಲ.

ಚಿಕ್ಕಮಾದುವಿನ ಎದೆಯೊಳಗೆಲ್ಲ ಧೂಳು ಕೂತಿತು. ಕೊನೆಕೊನೆಗೆ ಮಲಗುವುದಕ್ಕೂ ಆಗದೆ, ಗೋಡೆಗೆ ಒರಗಿ ಕೂತಲ್ಲೇ ಹೋಗಿಬಿಟ್ಟ.

ಬೀಡಿ ಸೇದಿ ಸತ್ತ ಅಂದ ವೃಷಭೇಂದ್ರಪ್ಪ. ಚಿಕ್ಕಮಾದು ಬೀಡಿ ಮುಟ್ಟಿದವನೇ ಅಲ್ಲ. ತಮ್ಮ ಸತ್ತದ್ದು ಒಂದು ಸಂಕಟವಾದರೆ, ಈ ಸುಳ್ಳು ಇನ್ನೊಂದು. ಶಿವಮಲ್ಲುವನ್ನು ಹಗಲೂ ರಾತ್ರಿ ಸುಡುತ್ತಿದ್ದದ್ದು ಎರಡನೆಯದು.

"ಬುದ್ಧಿ, ಇದನ್ನ ವಾಪಸ್ ಕಳಿಸಿ" ಅಂದ.

"ಕಲ್ಲು ಬೆಟ್ಟದ್ದು ಕಣೋ" ಅಂದರು ಗುರುಗಳು. "ಅವನದ್ದು ಲಾರಿ ಮಾತ್ರ. ಅದು ಹೋಯ್ತಲ್ಲ."

"ಅವನೇನು ಸುಮ್ಮನೆ ಕೊಟ್ಟನಾ?"

"ಸುಮ್ಮನೆ ಕೊಡೋ ಪೈಕಿನಾ ಅವನು? ಊಟದ ಮನೆ ತೆರೆಯೋ ದಿನ ಮೊದಲ ತೀರ್ಥ ತನಗೇ ಕೊಡಬೇಕಂತೆ. ಆಮೇಲೆ, ಚಿಕ್ಕಮಾದು ಸತ್ತದ್ದು ಅವನ ಹಣೆಬರಹ, ಅದಕ್ಕೂ ಕ್ರಷರ್‌ಗೂ ಸಂಬಂಧ ಇಲ್ಲ ಅಂತ ನಾನು ಜನರ ಮುಂದೆ ಹೇಳಬೇಕಂತೆ. ಕೆಲಸದವರೆಲ್ಲ ಗುಸುಗುಸು ಅಂತಿದಾರಂತೆ."

"ನೀವೇನಂದ್ರಿ?"

"ತೀರ್ಥ ಕೊಡ್ತೀನಿ ಅಂದೆ."

"ಆ ಮಾತು?"

ಗುರುಗಳು ಜಲ್ಲಿ ಗುಡ್ಡೆಯ ಕಡೆ ತಿರುಗಿದರು. "ನಾಡಿದ್ದು ಮೋಲ್ಡ್. ಜಲ್ಲಿಗೆ ಧೂಳು ಮೆತ್ತಿದ್ರೆ ಸಿಮೆಂಟು ಕಚ್ಚಲ್ಲ. ಅಷ್ಟನ್ನೂ ತೊಳಿ. ತೊಳೆದ ನೀರು ಹೊಳೆಗೆ ಬಿಡಬೇಡ, ಮೀನು ಸಾಯ್ತವೆ. ಹಿತ್ತಲಲ್ಲಿ ಗುಂಡಿ ತೋಡಿ ಬಿಡು."

"ನನ್ನ ತಮ್ಮನ್ನ ಕೊಂದ ಧೂಳಿಗೆ ನಾನು ಕೈ ಹಾಕಬೇಕಾ?"

"ಇನ್ಯಾರು ಹಾಕಬೇಕು?"

ಎಂಥ ಮಾತು ನೋಡಿ. ನಾನಾಗಿದ್ದರೆ ಆಗಲೇ ಜೋಳಿಗೆ ಹೆಗಲಿಗೆ ಹಾಕಿಕೊಂಡು ನಡೆದುಬಿಡುತ್ತಿದ್ದೆ. ಶಿವಮಲ್ಲು ಹೋಗಲಿಲ್ಲ. ಅವನ ತಲೆಯಲ್ಲಿ ಬೇರೆಯೇ ಒಂದು ಯೋಚನೆ ಹುಟ್ಟಿತ್ತು.

ಕೊಡಪಾನದಲ್ಲಿ ನೀರು ತಂದು ಗುಡ್ಡೆಯ ಮೇಲೆ ಮೇಲೆ ಸುರಿದ. ಮೇಲಿನ ಜಲ್ಲಿ ಕಪ್ಪಗೆ ಹೊಳೆಯಿತು. ಒಳಗಿನದ್ದನ್ನು ಧೂಳಿನಲ್ಲೇ ಬಿಟ್ಟ. ಇದರಲ್ಲೇ ಮೋಲ್ಡ್ ಹಾಕಲಿ, ಒಂದಲ್ಲ ಒಂದು ದಿನ ಅದು ಬಿರುಕು ಬಿಡಲಿ, ವೃಷಭೇಂದ್ರಪ್ಪನ ದಾನ ಎಂಥದ್ದು ಅಂತ ಊರೇ ನೋಡಲಿ ಅಂದುಕೊಂಡ.

ಮಾರನೆಯ ದಿನ ಮಧ್ಯಾಹ್ನ ಗುರುಗಳು ಬಂದರು. ಗುಡ್ಡೆ ಸುತ್ತಿದರು. ಅಂಗಿಯ ತೋಳು ಮಡಚಿ, ಮೊಣಕೈವರೆಗೂ ಒಳಗೆ ಕೈ ಹಾಕಿ ಒಂದು ಹಿಡಿ ಜಲ್ಲಿ ತೆಗೆದರು. ನೀರಿದ್ದ ತಂಬಿಗೆಗೆ ಹಾಕಿದರು. ನೀರು ಅಕ್ಕಿ ತೊಳೆದ ಕಲಗಚ್ಚಿನ ಹಾಗೆ ಬೆಳ್ಳಗಾಯಿತು.

"ಇದು ತೊಳೆದದ್ದಾ?"

ಶಿವಮಲ್ಲು ಕೈಯಲ್ಲಿದ್ದ ಕೊಡಪಾನ ಕೆಳಗಿಟ್ಟ.

ಗುರುಗಳು ಅವನ ರಟ್ಟೆ ಹಿಡಿದು ಎಳೆದುಕೊಂಡು ಹೋಗಿ, ಸೂರಿಲ್ಲದ ಊಟದ ಮನೆಯ ನಡುವೆ ಕೂರಿಸಿದರು.

"ಇಲ್ಲಿ ಯಾರು ಕೂತು ಉಣ್ತಾರೆ?"

"ಯಾರೋ ಬಂದವರು."

"ಯಾರೋ ಅಲ್ಲ. ಕ್ರಷರ್‌ನಿಂದ ಕೆಲಸ ಬಿಟ್ಟು ಕೆಮ್ಮುತ್ತಾ ಬರ್ತಾರಲ್ಲ, ನಿನ್ನ ತಮ್ಮ ಬರ್ತಿದ್ದನಲ್ಲ, ಅವರು ಬರೋದು. ವೃಷಭೇಂದ್ರಪ್ಪ ಒಂದು ದಿನ ಬಂದು ಹೋಗ್ತಾನೆ. ಮೋಲ್ಡ್ ಬಿದ್ದರೆ ಅವನ ತಲೆ ಮೇಲೆ ಬೀಳುತ್ತೇನೋ ಮುಠ್ಠಾಳ?"

ಶಿವಮಲ್ಲುವಿಗೆ ಈ ಒಂದು ವಿಷಯ ಹೊಳೆದೇ ಇರಲಿಲ್ಲ. ನಾಚಿಕೆಯೂ ಆಯಿತು, ನಾಚಿಕೆಗಿಂತ ಹೆಚ್ಚು ಸಿಟ್ಟೂ ಬಂತು.

"ಹಾಗಾದ್ರೆ ನನ್ನ ಸಿಟ್ಟನ್ನ ಎಲ್ಲಿ ಇಡಲಿ ಬುದ್ಧಿ? ಜಪ ಮಾಡಿದೆ, ಹೋಗಲಿಲ್ಲ. ಉಪವಾಸ ಕೂತೆ, ಹೋಗಲಿಲ್ಲ. ಈಗ ಅವನನ್ನ ಕ್ಷಮಿಸು ಅಂತೀರಾ?"

"ಕ್ಷಮಿಸು ಅಂತ ಯಾವನು ಹೇಳಿದ? ನಾನು ತೊಳಿ ಅಂದದ್ದು ಕಲ್ಲನ್ನ."

"ನಿಮಗೇನು ಗೊತ್ತು ನನ್ನ ಹೊಟ್ಟೆ ಉರಿ."

ಗುರುಗಳ ದನಿ ಏರಿತು. "ನನಗೆ ಗೊತ್ತಿಲ್ವಾ? ನಿನ್ನ ತಮ್ಮನಿಗೆ ಕೊನೇ ತುತ್ತು ಕೊಟ್ಟದ್ದು ಇದೇ ಕೈ. ಅದನ್ನ ನುಂಗೋದಕ್ಕೂ ಅವನಲ್ಲಿ ಉಸಿರಿರಲಿಲ್ಲ. ನಾನೇನು ಅದನ್ನ ಮರೆತು ಕೂತಿದೀನಿ ಅಂದ್ಕೊಂಡಿದೀಯಾ?"

ಗುರುಗಳು ಪಂಚೆ ಎತ್ತಿ ಕಟ್ಟಿ ಬಾಂಡ್ಲಿಗೆ ಜಲ್ಲಿ ತುಂಬಿದರು. ಶಿವಮಲ್ಲು ನೀರು ಹೊಯ್ದು ಉಜ್ಜಿದ. ಬಾಂಡ್ಲಿ ಮೇಲೆ ಬಾಂಡ್ಲಿ ತೊಳೆದರು.

ಚಿಕ್ಕಂದಿನಲ್ಲಿ ಅಣ್ಣ ತಮ್ಮ ಇದೇ ಹೊಳೆಯಲ್ಲಿ ನುಣ್ಣನೆಯ ಕಲ್ಲು ಆರಿಸಿ ಐದು ಕಲ್ಲಿನ ಆಟ ಆಡುತ್ತಿದ್ದರು. ಮೇಲೆ ಹಾರಿಸಿದ ಕಲ್ಲನ್ನು ಚಿಕ್ಕಮಾದು ಕೆಳಗೆ ಬೀಳಿಸುತ್ತಲೇ ಇರಲಿಲ್ಲ. ಈ ಜಲ್ಲಿಯಲ್ಲಿ ನುಣುಪೆಲ್ಲಿ ಬರಬೇಕು, ಎಲ್ಲ ಕಡೆಯೂ ಮೂಲೆ. ಶಿವಮಲ್ಲುವಿನ ಬೆರಳು ಕುಯ್ದು ರಕ್ತ ಬಂತು. ಅಳುತ್ತಲೇ ತೊಳೆದ.

"ಬುದ್ಧಿ, ನಾನು ಆ ಹೊಳೆ ಕಲ್ಲಿನ ಹಾಗೆ ನುಣ್ಣಗಾಗೋದು ಯಾವಾಗ?"

"ನುಣ್ಣಗಿದ್ದರೆ ಜಾರುತ್ತೆ. ಮೂಲೆ ಇದ್ದರೇನೇ ಒಂದನ್ನೊಂದು ಹಿಡ್ಕೊಂಡು ಸೂರು ನಿಲ್ಲೋದು. ಧೂಳು ಮಾತ್ರ ಇರಬಾರದು. ಸುಮ್ಮನೆ ತೊಳಿ."

ಕೊನೆಯ ಬಾಂಡ್ಲಿಯ ನೀರನ್ನು ಗುಂಡಿಗೆ ಚೆಲ್ಲಲು ಹೋದಾಗ ಗುರುಗಳು ತಡೆದರು.

"ಒಂದು ತಂಬಿಗೆ ಎತ್ತಿಡು."

"ಯಾಕೆ?"

"ಬೇಕಾಗುತ್ತೆ."

ಮೋಲ್ಡ್ ಹಾಕಿದ್ದಾಯಿತು, ಒಣಗಿತು, ಗಟ್ಟಿಯಾಯಿತು. ಊಟದ ಮನೆ ತೆರೆಯುವ ದಿನ ಬಂತು. ಕ್ರಷರ್‌ನವರೆಲ್ಲ ಸಾಲಾಗಿ ಎಲೆ ಮುಂದೆ ಕೂತಿದ್ದರು. ಅಲ್ಲೊಬ್ಬ ಇಲ್ಲೊಬ್ಬ ಕೆಮ್ಮುತ್ತಿದ್ದ.

ವೃಷಭೇಂದ್ರಪ್ಪ ರೇಷ್ಮೆ ಶಲ್ಯ ಹೊದ್ದು ಬಂದ. ಎಲ್ಲರ ಮುಂದೆ ನಿಂತ. ಗುರುಗಳಿಗೆ ಕೈ ಮುಗಿದು, ಮೊದಲ ತೀರ್ಥಕ್ಕೆ ಅಂಗೈ ಒಡ್ಡಿದ.

"ಶಿವಮಲ್ಲು, ಆ ತಂಬಿಗೆ ತಾ" ಅಂದರು ಗುರುಗಳು. "ತಳದಲ್ಲಿ ಕೂತಿರುತ್ತೆ. ಚೆನ್ನಾಗಿ ಕದಡಿ ಕೊಡು."

ಶಿವಮಲ್ಲು ತಂದ. ಸಿಟ್ಟು ಹಾಗೇ ಇತ್ತು. ಆದರೂ ಒಂದು ಹನಿ ಆಚೆ ಈಚೆ ಬೀಳದ ಹಾಗೆ ಹೊಯ್ದ.

ವೃಷಭೇಂದ್ರಪ್ಪ ಅಂಗೈ ನೋಡಿಕೊಂಡ. "ಇದೇನು ಬುದ್ಧಿ, ಹಾಲಾ?"

"ನಿನ್ನ ಜಲ್ಲಿ ತೊಳೆದ ನೀರು."

ಸಾಲಿನಲ್ಲಿ ಕೂತವರೆಲ್ಲ ತಲೆ ಎತ್ತಿದರು. ಯಾರೂ ನಗಲಿಲ್ಲ. ವೃಷಭೇಂದ್ರಪ್ಪ ಕೈ ಕೊಡವಲು ಹೋದ. ಗುರುಗಳು ಅವನ ಮಣಿಕಟ್ಟು ಹಿಡಿದರು.

"ಚೆಲ್ಲಬೇಡ. ನೀನು ತೀರ್ಥ ಕೇಳಿದ್ದೆ, ಕೊಟ್ಟೆ. ನಾನು ಜನರ ಮುಂದೆ ಒಂದು ಮಾತು ಹೇಳಬೇಕು ಅಂತಲೂ ಕೇಳಿದ್ದೆಯಲ್ಲ?"

ವೃಷಭೇಂದ್ರಪ್ಪನ ಮುಖ ಕಪ್ಪಿಟ್ಟಿತು. ದನಿ ತಗ್ಗಿಸಿ ಕೇಳಿದ. "ಬುದ್ಧಿ, ಇದನ್ನ ಯಾರಾದ್ರೂ ಕುಡಿಯೋಕಾಗುತ್ತಾ?"

ಗುರುಗಳು ಕೊನೆಯ ಸಾಲಿನವರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು.

"ನೀನು ಕುಡೀಬೇಡಪ್ಪ. ಇವನ ತಮ್ಮ ಇದನ್ನ ಎಂಟು ವರ್ಷ ಉಸಿರಾಡಿದ. ನೀನು ಸುಮ್ಮನೆ ಅಂಗೈಲಿ ಹಿಡ್ಕೊಂಡು ನಿಂತಿರು, ಇವರೆಲ್ಲ ಉಂಡು ಏಳೋವರೆಗೂ."