ಮರಳು ಹಸನು ಮಾಡುವವರು

ಒಂದು ಕಾಡಿನಲ್ಲಿ ಗೋಣಿಮರದ ಕೆಳಗೆ ಒಂದು ಮರಳಂಗಳವಿತ್ತು. ಕಾಡಿನವರು ಏನು ಬರೆಯಬೇಕಾದರೂ ಅಲ್ಲಿಗೇ ಬರುತ್ತಿದ್ದರು. ಎಲೆಯ ಮೇಲೆ ಮುಳ್ಳಿನಿಂದ ಬರೆದರೆ ತಪ್ಪು ತಿದ್ದುವ ಹಾಗಿಲ್ಲ, ಎಲೆಯೇ ಹಾಳು. ಮರಳಿನ ಮೇಲಾದರೆ ಬರೆಯಬಹುದು, ಅಳಿಸಬಹುದು, ನಡುವೆ ಇನ್ನೊಂದು ಮಾತು ಸೇರಿಸಬಹುದು. ನೀವು ಕಂಪ್ಯೂಟರಿನಲ್ಲಿ ಮಾಡುತ್ತೀರಲ್ಲ, ಹಾಗೆಯೇ. ಎಲ್ಲ ಸರಿಹೋದ ಮೇಲೆ ಎಲೆಗೆ ಇಳಿಸಿಕೊಂಡರಾಯಿತು.

ಆ ಮರಳನ್ನು ದಿನಾ ಬೆಳಿಗ್ಗೆ ಹಸನು ಮಾಡುತ್ತಿದ್ದವರು ಒಂದು ಮುದಿ ಆಮೆ, ಒಂದು ಕಾಡುಕೋಳಿ, ಏಳು ಇರುವೆಗಳು. ಇರುವೆಗಳು ಕಲ್ಲುಹರಳು ಆರಿಸುತ್ತಿದ್ದವು. ಕಾಡುಕೋಳಿ ಮರಳಿನಲ್ಲಿ ಗುಂಡಿ ತೋಡುವ ಹುಳುಗಳನ್ನು ಹೆಕ್ಕುತ್ತಿತ್ತು. ಆಮೆ ಹೊಟ್ಟೆಯ ಚಿಪ್ಪಿನಿಂದ ನೆಲ ಮಟ್ಟ ಮಾಡುತ್ತಿದ್ದ. ಯಾರೂ ಹೇಳಿ ಮಾಡಿಸಿದ ಕೆಲಸವಲ್ಲ, ಪ್ರತಿಫಲವೂ ಇಲ್ಲ. ಕಲಿಯುತ್ತೇನೆ ಎಂದವರಿಗೆ ಮುಚ್ಚುಮರೆಯಿಲ್ಲದೆ ತೋರಿಸುತ್ತಿದ್ದರು. ಎಲ್ಲರೂ ಬರುತ್ತಿದ್ದರು, ಬರೆಯುತ್ತಿದ್ದರು, ಹೋಗುತ್ತಿದ್ದರು. ಒಂದು ಒಳ್ಳೆಯ ಮಾತಾದರೂ ಆಡುತ್ತಿದ್ದರೇ? ಊಹೂಂ.

ಹೊಳೆದಂಡೆಯ ಇಳಿಜಾರಿನಲ್ಲಿ ಕೆಂಚಿ ಎಂಬ ನರಿ ತನ್ನ ಮೂರು ಮರಿಗಳೊಂದಿಗೆ ವಾಸವಾಗಿದ್ದಳು. ಮರಿಗಳೆಂದರೆ ಅವಳಿಗೆ ಪ್ರಾಣ. ಅದರ ನಂತರ ಹೊಗಳಿಕೆ. ಒಂದು ದಿನ ಅವಳು ಆಮೆಯ ಬಳಿಗೆ ಬಂದಳು.

"ತಾತ, ನಮ್ಮ ಹೊಳೆದಂಡೆಯವರಿಗೆ ಇಲ್ಲಿಗೆ ಬರೋದು ದೂರ. ಒಂದಿಷ್ಟು ಮರಳು ತಗೊಂಡು ಹೋಗಿ ಅಲ್ಲೇ ಒಂದು ಅಂಗಳ ಮಾಡ್ಲಾ?"

"ಧಾರಾಳವಾಗಿ ತಗೊಂಡು ಹೋಗವ್ವ. ಯಾರ ಕೆಲಸ ಅಂತ ಬಂದೋರಿಗೆ ಹೇಳಿದರೆ ಸಾಕು. ಹಸನು ಮಾಡೋದನ್ನೂ ನಾಲ್ಕು ದಿನ ನೋಡಿ ಕಲ್ತುಕೋ."

"ಮಣ್ಣು ಕೆರೆಯೋದಕ್ಕೆ ಕಲಿಯೋದೇನಿದೆ ತಾತ?" ಎಂದು ಕೆಂಚಿ ನಕ್ಕಳು.

ಅವಳು ಮುತ್ತುಗದ ಎಲೆಗಳಲ್ಲಿ ಮರಳು ಹೊತ್ತು ತಂದು ತನ್ನ ಬಿಲದ ಮುಂದೆ ಹರಡಿದಳು. ಮೊದಲು ಬಂದ ಮೊಲ ಕಣ್ಣರಳಿಸಿತು. "ಎಷ್ಟು ನಯವಾಗಿದೆ ಕೆಂಚಕ್ಕ! ಯಾರು ಮಾಡಿದ್ದು?"

"ಇನ್ಯಾರು? ನಾನೇ. ನನ್ನ ಸೊಂಟ ಬಿದ್ದು ಹೋಯ್ತು" ಎಂದಳು ಕೆಂಚಿ. ಬೆಣ್ಣೆಯಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು ಆ ಸುಳ್ಳು. ಮಾರನೆಯ ದಿನದಿಂದ ಅವಳ ಮನೆ ಮುಂದೆ ಜನವೋ ಜನ. ಮರಿಗಳಿಗೆ ಬೋರೆಹಣ್ಣು, ಅವಳಿಗೆ ಹೊಗಳಿಕೆ.

ಸುದ್ದಿ ಗೋಣಿಮರಕ್ಕೂ ಮುಟ್ಟಿತು. ಕಾಡುಕೋಳಿ ರೆಕ್ಕೆ ಬಡಿಯಿತು. "ಉಂಡ ಮನೆಗೆ ಎರಡು ಬಗೆದಳಲ್ಲ!" ಆಮೆ ಮರಳು ಮಟ್ಟ ಮಾಡುತ್ತಲೇ ಇದ್ದ. ಅವನಿಗೂ ನೋವಾಗಿತ್ತು.

ಹದಿನೈದು ದಿನ ಕಳೆಯಿತು. ಕೆಂಚಿಯ ಮರಳು ಇಬ್ಬನಿಗೆ ಹೆಂಟೆಗಟ್ಟಿತು. ಹುಳುಗಳು ಗುಂಡಿ ತೋಡಿದವು. ಮೊಲ ಅತ್ತೆಗೆ ಬರೆದ ಓಲೆಯ ನಡುಭಾಗ ಕುಸಿದುಹೋಯಿತು.

"ನೀನು ಒತ್ತಿ ಒತ್ತಿ ಬರೆದರೆ ಕುಸಿಯದೆ ಇನ್ನೇನು?" ಎಂದಳು ಕೆಂಚಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ!

ಅಷ್ಟರಲ್ಲಿ ಆನೆಗಳ ಸುದ್ದಿ ಬಂತು. ಅವುಗಳ ಹಳೆಯ ದಾರಿ ಕುಸಿದಿತ್ತು. ಇನ್ನು ಹೊಳೆಗೆ ಹೋಗುವುದು ಕೆಂಚಿ ಇದ್ದ ಇಳಿಜಾರಿನ ಮೇಲೆಯೇ. ಹಿಂಡಿನ ಹಿರಿಯಳಾದ ದೊಡ್ಡಮ್ಮ ಹೇಳಿಕಳಿಸಿದ್ದಳು: "ಬಿಲ ಇದ್ದವರು ಬರೆದು ಕೊಡಿ. ಓದಿದ ಮೇಲೆ ದಾರಿ ಬದಲಿಸೋದೋ ಬೇಡವೋ ನೋಡ್ತೀವಿ. ಬಾಯಿಮಾತು ನಡೆಯಲ್ಲ. ನಾಳೆ ಮಧ್ಯಾಹ್ನದವರೆಗೆ ಕಾಯ್ತೀವಿ."

ಮಾರನೆಯ ಬೆಳಿಗ್ಗೆಯೇ ಕೆಂಚಿ ತನ್ನ ಅಂಗಳದಲ್ಲಿ ಬರೆಯಲು ಕೂತಳು, ಗೋಣಿಮರಕ್ಕೆ ಹೋಗಲು ಮುಖವಿರಲಿಲ್ಲ. ಎರಡು ಸಾಲು ಬರೆದರೆ ಮೊದಲನೆಯದು ಗುಂಡಿಗೆ ಇಳಿಯುತ್ತಿತ್ತು. ನೇರವಾಗಿ ಎಲೆಯ ಮೇಲೆ ಬರೆಯಹೋಗಿ ನಾಲ್ಕು ಎಲೆ ಹರಿದಳು. ಹೊತ್ತು ನೆತ್ತಿಗೇರಿತು. ನೆಲ ಅದುರಿತು. ಬಿಲದೊಳಗೆ ಮರಿಗಳು ಕುಂಯ್ ಎಂದವು. ಕೆಂಚಿ ಬಿಲದ ಬಾಯಿಗೆ ಅಡ್ಡ ನಿಂತಳು.

ದೊಡ್ಡಮ್ಮ ಅಂಗಳದ ಮುಂದೆ ಬಂದು ನಿಂತಳು. "ಅರ್ಜಿ ಎಲ್ಲಿದೆಯಮ್ಮ?"

"ಮರಳು ಕೆಟ್ಟಿದೆ ದೊಡ್ಡಮ್ಮ."

"ನೀನೇ ಮಾಡಿದ ಮರಳಂತೆ. ಕಾಡೆಲ್ಲ ಹೇಳುತ್ತೆ. ಸರಿ ಮಾಡು, ನಾವು ನಿಂತಿರ್ತೀವಿ."

ಕೆಂಚಿ ಕೆರೆದಳು, ಗುಡಿಸಿದಳು, ಬಾಲದಿಂದ ಸವರಿದಳು. ಕೆರೆದಷ್ಟೂ ಕಲ್ಲು ಮೇಲೆ ಬಂತು. ಆನೆಗಳ ಸದ್ದಿಗೆ ಬಂದು ಸುತ್ತ ನೆರೆದವರು ನೋಡುತ್ತಲೇ ಇದ್ದರು. ಕೊನೆಗೆ ಅವಳು ತಲೆ ತಗ್ಗಿಸಿದಳು.

"ಇದು ನಾನು ಮಾಡಿದ್ದಲ್ಲ. ಸುಳ್ಳು ಹೇಳಿದೆ. ಗೋಣಿಮರದವರು ಮಾಡಿದ್ದು. ನನಗೆ ಏನೂ ಬರಲ್ಲ."

ಎಲ್ಲರೂ ಗೊಳ್ಳೆಂದು ನಕ್ಕರು. ನಾಚಿಕೆಯಿಂದ ಅವಳಿಗೆ ಸಾಯುವ ಹಾಗಾಯಿತು. ಆದರೆ ಮರಿಗಳ ಮುಂದೆ ನಾಚಿಕೆ ಯಾವ ಲೆಕ್ಕ? "ಇನ್ನೊಂದು ಗಳಿಗೆ ಕಾಯಿ ದೊಡ್ಡಮ್ಮ" ಎಂದು ಗೋಣಿಮರದತ್ತ ಓಡಿದಳು.

"ಈಗ ನೆನಪಾದ್ವಾ ನಾವು?" ಎಂದಿತು ಕಾಡುಕೋಳಿ.

"ತಪ್ಪಾಯ್ತು ಕಣವ್ವ. ನನ್ನನ್ನ ಬೇಕಾದರೆ ಕುಕ್ಕು. ಮರಿಗಳನ್ನ ಉಳಿಸು."

ಆಮೆ ಆಗಲೇ ಹೊರಟಿದ್ದ. ಅವನ ನಡಿಗೆಯಲ್ಲಿ ಹೋದರೆ ಸಂಜೆಯಾಗುತ್ತಿತ್ತು, ಹಾಗಾಗಿ ಕೆಂಚಿಯೇ ಅವನನ್ನು ಬೆನ್ನ ಮೇಲೆ ಹೊತ್ತಳು. ಇರುವೆಗಳು ಅವಳ ಕಿವಿ ಹಿಡಿದು ಕೂತವು. ಕೋಳಿ ಗೊಣಗುತ್ತಲೇ ಹಿಂದೆ ಹಾರಿತು.

ಹೊಳೆದಂಡೆಯಲ್ಲಿ ಅವರು ಒಂದು ಮೂಲೆಯನ್ನಷ್ಟೇ ಹಿಡಿದರು. ಹೆಂಟೆ ಒಡೆದು ಬಿಸಿಲಿಗೆ ಹರಡಿದರು. ಇರುವೆಗಳು ಒಂದೊಂದೇ ಹರಳು ಹೊತ್ತು ಹಾಕಿದವು. ತನ್ನ ತಲೆಗಿಂತ ದೊಡ್ಡ ಹರಳನ್ನು ಒಂದು ಇರುವೆ ಎಳೆಯುವುದನ್ನು ಕೆಂಚಿ ಕಂಡಳು. ಗೋಣಿಮರದ ಅಂಗಳದಲ್ಲಿ ಎಷ್ಟು ವರ್ಷ ಬರೆದಿದ್ದಳು! ಈ ಕೆಲಸವನ್ನು ಅವಳು ಒಮ್ಮೆಯೂ ಕಣ್ಣಿಟ್ಟು ನೋಡಿರಲಿಲ್ಲ.

"ನಿನ್ನ ಹೆಸರೇನವ್ವ?" ಎಂದು ಕೇಳಿದಳು.

"ನನ್ನ ಹೆಸರಾ? ಸಾಸಿವೆ" ಎಂದಿತು ಇರುವೆ, ಬೆರಗಾಗಿ.

ಮರಳು ಹಸನಾಯಿತು. ಕೆಂಚಿ ಉಳಿದವರ ಹೆಸರನ್ನೂ ಕೇಳಿಕೊಂಡು ಬರೆದಳು, ತಿದ್ದಿದಳು. ದೊಡ್ಡಮ್ಮ ಬಗ್ಗಿ ಗಟ್ಟಿಯಾಗಿ ಓದಿದಳು. "ಈ ಮರಳು ಹಸನು ಮಾಡಿದವರು ಆಮೆ ಬಂಡೆಪ್ಪ, ಕಾಡುಕೋಳಿ ಚುಕ್ಕಮ್ಮ, ಇರುವೆ ಸಾಸಿವೆ..." ಹೀಗೆ ಒಂಬತ್ತು ಹೆಸರು. ಅದರ ಕೆಳಗೆ ಒಂದೇ ಸಾಲು: "ಇಲ್ಲಿ ನಮ್ಮ ಮರಿಗಳಿವೆ."

"ಇದು ಅರ್ಜಿಯೋ, ವಂದನೆಯೋ?"

"ಎರಡೂ ದೊಡ್ಡಮ್ಮ."

ದೊಡ್ಡಮ್ಮ ಸೊಂಡಿಲೆತ್ತಿದಳು. ಹಿಂಡು ಎಡಕ್ಕೆ ತಿರುಗಿ ಬಂಡೆಯ ಆಚೆಯಿಂದ ಹೊಳೆಗೆ ಇಳಿಯಿತು. ಮರಿಗಳು ಬಿಲದಿಂದ ಹೊರಗೆ ಓಡಿಬಂದವು. ಜನ ಚದುರಿದರು.

ಸಾಸಿವೆ ಮಾತ್ರ ಮರಳಿನ ಮೇಲೆ ತನ್ನ ಹೆಸರಿನ ಪಕ್ಕ ನಿಂತೇ ಇತ್ತು. ಅಷ್ಟು ವರ್ಷ ಎಲ್ಲರ ಮಾತಿಗೂ ಅದು ಜಾಗ ಹಸನು ಮಾಡಿಕೊಟ್ಟಿತ್ತು. ಅದರ ಹೆಸರನ್ನು ಯಾರಾದರೂ ಬರೆದದ್ದು ಅದೇ ಮೊದಲು.

ನೀತಿ: ಪುಕ್ಕಟೆಯಾಗಿ ಸಿಕ್ಕಿದ್ದು ತಾನಾಗಿಯೇ ಆದದ್ದಲ್ಲ, ಅದರ ಹಿಂದೆ ದುಡಿದವರನ್ನು ಹೆಸರು ಹಿಡಿದು ನೆನೆಯಬೇಕು, ಅವರ ಕೆಲಸವನ್ನು ನಮ್ಮದೆಂದು ಹೇಳಿಕೊಳ್ಳಬಾರದು.