ಅವ್ವನ ಫೋಟೋಗೆ ಹಾರ

"ಅಪ್ಪಾರ, ಒಳ್ಳೇ ವಸ್ತು ಮಾರಾಕ ಒಂದು ಸಣ್ಣ ಸುಳ್ಳು ಹೇಳಿದ್ರ ಯಾರಿಗೆ ಏನು ಹಾನಿ ಆಗತೈತ್ರಿ?"

ಮಠದ ಜೇನುತುಪ್ಪದ ಮಾರಾಟ ನೋಡಿಕೊಳ್ಳುತ್ತಿದ್ದ ಶಿಷ್ಯ ಮುರಿಗೆಪ್ಪ ಗುರುಗಳನ್ನು ಹೀಗೆ ಕೇಳಿದ. ಅವನು ಜೇನಿಗೊಂದು ವೆಬ್‌ಸೈಟ್ ಮಾಡಿಸಿದ್ದ. ಚಿತ್ರ ಹಾಕಿಸಿದ್ದ, ಬೆಲೆ ಹಾಕಿಸಿದ್ದ, ಫೋನ್ ನಂಬರು ಹಾಕಿಸಿದ್ದ. ಒಬ್ಬರೂ ತಿರುಗಿ ನೋಡಿರಲಿಲ್ಲ. ಬರೀ ಜೇನು ಎಂದರೆ ಯಾರೂ ಕೊಳ್ಳುವುದಿಲ್ಲ, ಅದರ ಹಿಂದೆ ಮನಸ್ಸು ಕರಗಿಸುವ ಒಂದು ಕತೆ ಇರಬೇಕು ಎಂದು ತಿಳಿದವರು ಅವನಿಗೆ ಹೇಳಿದ್ದರು. ಅಂಥ ಕತೆ ಮಠದಲ್ಲಿ ಇರಲಿಲ್ಲ. ಕಟ್ಟಬೇಕಾಗಿತ್ತು.

ಗುರುಗಳು ಅವನನ್ನು ಕೂರಿಸಿಕೊಂಡು ಒಬ್ಬ ವ್ಯಾಪಾರಿಯ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಚಟ್ನಿಪುಡಿ ವ್ಯಾಪಾರಿ ಇದ್ದ. ಶೇಂಗಾ, ಗುರೆಳ್ಳು, ಅಗಸೆ, ಹೀಗೆ ಬಗೆಬಗೆಯ ಪುಡಿ. ಹುರಿಯುವುದು, ಕುಟ್ಟುವುದು ಎಲ್ಲ ಅವನ ತಾಯಿಯದು. ಬೆಳಗಿನ ಕೆಲಸ ಮುಗಿಸಿ, ಕೈ ತೊಳೆದು, ಸೆರಗು ಸರಿಮಾಡಿಕೊಂಡು ಅವಳು ಅಂಗಡಿಯ ಮುಂದೆ ಬಂದು ಕೂರುತ್ತಿದ್ದಳು. ಬಂದವರ ಅಂಗೈಗೆ ಒಂದು ಚಿಟಿಕೆ ಪುಡಿ ಹಾಕಿ, ಅವರು ನಾಲಿಗೆಗೆ ಹಚ್ಚಿಕೊಳ್ಳುವಾಗ ಅವರ ಮುಖವನ್ನೇ ನೋಡುತ್ತಿದ್ದಳು. ಕೊಂಡರೂ ಸರಿ, ಕೊಳ್ಳದಿದ್ದರೂ ಸರಿ, ಅವರ ಮನೆಯ ಸುದ್ದಿ ಕೇಳದೆ ಬಿಡುತ್ತಿರಲಿಲ್ಲ. ಅವಳ ದಿನವೆಂದರೆ ಹಾಗೆ ಕೂರುವ ಆ ಹೊತ್ತು. ಕುಟ್ಟುವುದೆಲ್ಲ ಅದಕ್ಕಾಗಿಯೇ ಇತ್ತು.

ಪುಡಿ ಚೆನ್ನಾಗಿತ್ತು, ವ್ಯಾಪಾರ ಇರಲಿಲ್ಲ. ಬಣ್ಣದ ಪ್ಯಾಕೆಟ್ಟುಗಳು ಊರಿಗೆ ಬಂದಿದ್ದವು. ನೊಣ ಹೊಡೆಯುತ್ತ ಕೂತು ಸಾಕಾಗಿ, ವ್ಯಾಪಾರಿ ಪಟ್ಟಣದ ಒಬ್ಬ ಜಾಣನನ್ನು ಹಿಡಿದು ವೆಬ್‌ಸೈಟ್ ಮಾಡಿಸಿದ. ಅಲ್ಲಿಯೂ ನೊಣವೇ ಗತಿಯಾಯಿತು. ದಿನವೂ ಎದ್ದ ಕೂಡಲೇ ಅವನು ಫೋನ್ ತೆರೆದು ನೋಡುತ್ತಿದ್ದ. ತನ್ನ ಸೈಟನ್ನು ನೋಡುತ್ತಿರುವವನು ತಾನೊಬ್ಬನೇ ಎಂದು ತಿಳಿದ ದಿನ ಅವನಿಗೆ ಅಳು ಬರುವಂತಾಯಿತು. ಇದೂ ಕೈಕೊಟ್ಟರೆ ಅಂಗಡಿ ಮುಚ್ಚಬೇಕು. ಅಂಗಡಿ ಮುಚ್ಚಿದರೆ ಅವ್ವ ಎಲ್ಲಿ ಕೂರುತ್ತಾಳೆ ಎಂಬುದೇ ಅವನ ಚಿಂತೆ.

ಜಾಣ ಬಂದು ಅಂಗಡಿಯನ್ನೆಲ್ಲ ಸುತ್ತಿ ನೋಡಿದ. ಗೋಡೆಯ ಮೇಲಿದ್ದ ತಾಯಿಯ ಹಳೆಯ ಫೋಟೋ ಇಳಿಸಿಕೊಂಡು ಬಹಳ ಹೊತ್ತು ಹಿಡಿದುಕೊಂಡಿದ್ದ.

"ಮುಖ ಅಂದ್ರ ಇದು. ಇವರು ತೀರಿಕೊಂಡು ಎಷ್ಟು ವರ್ಷ ಆತ್ರಿ?"

"ಒಳಗ ಕುಟ್ಟಾಕತ್ತಾಳಲ್ರೀ, ಕೇಳಸೂದಿಲ್ಲೇನು?"

ಜಾಣನ ಮುಖ ಸಪ್ಪಗಾಯಿತು. ಇರುವವರ ಕತೆಯನ್ನು ಯಾರೂ ಓದುವುದಿಲ್ಲ ಎಂದ. ಹೋದ ತಾಯಿಯ ಕೈರುಚಿಯನ್ನು ಮಗ ಉಳಿಸಿಕೊಂಡು ಬಂದಿದ್ದಾನೆ ಎಂದರೆ ಮಂದಿ ಕಣ್ಣೊರೆಸಿಕೊಂಡು ಕೊಳ್ಳುತ್ತಾರೆ ಎಂದ. ವ್ಯಾಪಾರಿ ಅವನನ್ನು ಬೈದು ಕಳಿಸಿದ. ಬೈದದ್ದು ಮನಸ್ಸಿನಿಂದಲೇ. ಆದರೆ ಮರುದಿನ ಫೋನ್ ತೆರೆದ, ಯಾರೂ ಬಂದಿರಲಿಲ್ಲ. ಅದರ ಮರುದಿನವೂ ಇಲ್ಲ. ವಾರ ಕಳೆಯುವುದರೊಳಗೆ ಬೈದ ಬಾಯಿಂದಲೇ ಹಾಕಿಬಿಡಿ ಎಂದು ಹೇಳಿದ.

ಸೈಟು ತೆರೆದ ಕೂಡಲೇ ನಮ್ಮನ್ನಗಲಿದ ಅವ್ವನ ನೆನಪಿನಲ್ಲಿ ಎಂಬ ಸಾಲು ಕಾಣುತ್ತಿತ್ತು. ಅದರ ಕೆಳಗೆ ತಾಯಿಯ ಫೋಟೋ, ಫೋಟೋಗೆ ಗಂಧದ ಹಾರ. ಹಾರ ನಿಜವಾದದ್ದಲ್ಲ, ಕಂಪ್ಯೂಟರಿನಲ್ಲೇ ಬರೆದದ್ದು. ಸುಳ್ಳಿಗೆ ಕೈ ಹಾಕಿದವನಿಗೆ ಸಮಾಧಾನಗಳಿಗೇನು ಕಡಿಮೆ? ಗೋಡೆಯ ಮೇಲಿನ ಫೋಟೋಗೆ ತಾನು ಏನೂ ಹಾಕಿಲ್ಲವಲ್ಲ ಎಂದುಕೊಂಡು ಅವನು ನಿರಾಳವಾದ.

ಸೈಟು ಓಡಿತು. ಹೆಸರೇ ಕೇಳದ ಊರುಗಳಿಂದ ಆರ್ಡರು ಬಂದವು. ಆರ್ಡರಿನ ಜೊತೆ ಮಾತೂ ಬಂತು. ನಮ್ಮವ್ವನೂ ಹೋದಳು, ನಿಮ್ಮ ಪುಡಿ ಕಲಸಿಕೊಂಡು ಉಂಡು ಅತ್ತುಬಿಟ್ಟೆ ಎಂದು ಒಬ್ಬರು ಬರೆದರು. ಮಹಾಲಯ ಅಮಾವಾಸ್ಯೆಗೆ ನಮ್ಮ ಹಿರಿಯರ ಜೊತೆ ನಿಮ್ಮ ಅವ್ವನ ಹೆಸರಿನಲ್ಲೂ ಒಂದು ಎಡೆ ಇಟ್ಟೆವು ಎಂದು ಇನ್ನೊಬ್ಬರು ಬರೆದರು. ಓದುತ್ತ ವ್ಯಾಪಾರಿಯ ಕಣ್ಣು ತುಂಬಿ ಬರುತ್ತಿತ್ತು. ತಾನೊಬ್ಬ ಒಳ್ಳೆಯ ಮಗ ಎಂದು ಅವನಿಗೆ ಗಟ್ಟಿಯಾಗಿ ಅನ್ನಿಸಿದ್ದು ಆ ದಿನಗಳಲ್ಲೇ. ತಾಯಿ ಒಳಗೆ ಅವರಿಗೆಲ್ಲ ಕುಟ್ಟುತ್ತಿದ್ದಳು. ಇಷ್ಟು ಮಂದಿ ತನ್ನ ಪುಡಿ ಉಣ್ಣುತ್ತಾರಲ್ಲ ಎಂದು ಅವಳಿಗೆ ಹಿಗ್ಗು. ಉಣ್ಣುವಾಗ ಅವರ ಮುಖ ಕಾಣುವುದಿಲ್ಲ ಎಂಬುದೊಂದೇ ಕೊರತೆಯಾಗಿತ್ತು.

ಒಂದು ದಿನ ದೂರದ ಊರಿನ ಒಬ್ಬ ಹೆಂಗಸು ಸೈಟು ಓದಿ ಅಂಗಡಿ ಹುಡುಕಿಕೊಂಡು ಬಂದಳು. ಆ ಅವ್ವ ಕುಟ್ಟುತ್ತಿದ್ದ ಒರಳಿಗೆ ಕೈಮುಗಿದು ಹೋಗಬೇಕು ಎಂದಳು. ತಾಯಿ ಅಲ್ಲೇ ಮುಂದೆ ಕೂತಿದ್ದಳು. ಫೋಟೋ ಹಳೆಯದು, ಹೆಂಗಸಿಗೆ ಗುರುತು ಹತ್ತಲಿಲ್ಲ. ಇವರು ಯಾರು ಎಂದು ಕೇಳಿದಳು.

ನಿಜ ಹೇಳಲು ಅಷ್ಟು ಸುಲಭದ ಹೊತ್ತು ವ್ಯಾಪಾರಿಗೆ ಮತ್ತೆ ಸಿಗುವಂತಿರಲಿಲ್ಲ.

"ಕೆಲಸಕ್ಕ ಇಟ್ಕೊಂಡೇವ್ರಿ. ಪಾಪ, ಅಕಿಗೆ ಯಾರೂ ಇಲ್ಲ" ಎಂದ.

ತಾಯಿ ಅವನನ್ನು ನೋಡಿದಳು. ಆಮೇಲೆ ಎಂದಿನಂತೆ ಆ ಹೆಂಗಸಿನ ಅಂಗೈಗೆ ಒಂದು ಚಿಟಿಕೆ ಗುರೆಳ್ಳು ಪುಡಿ ಹಾಕಿದಳು. ಹೆಂಗಸು ನಾಲಿಗೆಗೆ ಹಚ್ಚಿಕೊಂಡು, "ಚಲೋ ಐತಿ ಆಯಿ. ಆದ್ರ ಆ ಅವ್ವನ ಕೈರುಚಿ ನಿನಗ ಬರೂದಿಲ್ಲ ಬಿಡು" ಎಂದಳು. ತಾಯಿ ಹೌದೆಂದು ತಲೆಯಾಡಿಸಿದಳು. ಹೆಂಗಸು ಒಳಗೆ ಹೋಗಿ ಒರಳಿಗೆ ನಮಸ್ಕಾರ ಮಾಡುವಾಗ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು. ಆ ದಿನದಿಂದ ಅವಳು ಅಂಗಡಿಯ ಮುಂದೆ ಬಂದು ಕೂರಲಿಲ್ಲ.

ಸಂಜೆ ವ್ಯಾಪಾರಿ ಅವಳ ಕಾಲ ಬಳಿ ಕೂತು ಎಲ್ಲವನ್ನೂ ಹೇಳಿದ. ಅದು ಫೋನಿನೊಳಗಿನ ಮಾತು, ಆ ಮಂದಿಗೂ ನಮಗೂ ಏನು ಸಂಬಂಧ ಎಂದ. ನೀನು ಕೂರುವ ಜಾಗ ಉಳಿಯಲಿ ಎಂದೇ ಹೀಗೆ ಮಾಡಿದೆ ಎಂದ. ಅಷ್ಟು ಮಾತು ಮಾತ್ರ ಸುಳ್ಳಲ್ಲ. ತಾಯಿ ಫೋಟೋ ತೋರಿಸು ಎಂದಳು. ಫೋನಿನಲ್ಲಿ ಕಂಡ ಹಾರವನ್ನು ಬೆರಳಿನಿಂದ ಸರಿಸಲು ನೋಡಿದಳು. ಫೋಟೋ ಮೇಲೆ ಹೋಗಿ ಪುಡಿಯ ಬೆಲೆ ಬಂತು.

"ಬಾಳ ಮಂದಿ ಅತ್ತಾರೇನು?" ಎಂದು ಕೇಳಿದಳು.

"ಬಾಳ ಮಂದಿ, ಅವ್ವಾ."

"ಹಂಗಾರ ಇರ್ಲಿ ಬಿಡು. ಅತ್ತವರಿಗೆ ಯಾಕ ನೋವು ಮಾಡ್ತಿ?"

ಅವಳು ಬೈದಿದ್ದರೆ ಅವನು ಉಳಿಯುತ್ತಿದ್ದನೋ ಏನೋ. ಮರುದಿನ ಅವನು ಜಾಣನ ಬಳಿ ಹೋಗಿ ಹಾರ ತೆಗೆದುಬಿಡಿ ಎಂದ. ಜಾಣ ನಕ್ಕ. ಸತ್ತವಳು ಎದ್ದು ಬಂದಳು ಎಂದು ಹಾಕಬೇಕೇ, ಅತ್ತವರೆಲ್ಲ ಮುಖಕ್ಕೆ ಉಗಿಯುತ್ತಾರೆ, ಮರುದಿನವೇ ಅಂಗಡಿಗೆ ಬೀಗ ಎಂದ. ದೀಪಾವಳಿ ಮುಗಿಯಲಿ ಎಂದುಕೊಂಡ ವ್ಯಾಪಾರಿ. ದೀಪಾವಳಿ ಮುಗಿದ ಮೇಲೆ ಸಂಕ್ರಾಂತಿ ಮುಗಿಯಲಿ ಎಂದುಕೊಂಡ. ಅಂಗಡಿಗೆ ಹೊರಗಿನವರು ಬಂದ ಸಪ್ಪಳವಾದರೆ ತಾಯಿ ಒನಕೆ ನಿಲ್ಲಿಸಿ ಉಸಿರು ಬಿಗಿಹಿಡಿದು ಕೂರುವುದನ್ನು ಕಲಿತಳು. ಹಾಗೆ ಮಾಡು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ.

ಬೇಸಿಗೆಗೆ ಮುಂಚೆಯೇ ಅವಳು ಹೋದಳು.

ಓಣಿಯವರು ಬಂದರು. ಅವರಿಗೆಲ್ಲ ಸೈಟಿನ ಸುದ್ದಿ ಗೊತ್ತಿತ್ತು. ಹೆಗಲು ಕೊಟ್ಟರು, ಮಣ್ಣು ಹಾಕಿದರು, ಅವನ ಮುಖ ನೋಡದೆ ತಮ್ಮ ತಮ್ಮಲ್ಲೇ ಮಾತಾಡಿಕೊಂಡು ಹೋದರು. ಸಾವಿನ ಮನೆಗೆ ಮಾತಾಡಿಸಲು ಮರುದಿನ ಒಬ್ಬರೂ ಬರಲಿಲ್ಲ. ವ್ಯಾಪಾರಿ ಗೋಡೆಗೆ ತಲೆ ಹಚ್ಚಿ ಅತ್ತ. ಯಾರಾದರೂ ಒಬ್ಬರು ಬೆನ್ನ ಮೇಲೆ ಕೈಯಿಟ್ಟು ಪಾಪ ಎನ್ನಲಿ ಎಂದು ಅವನ ಜೀವ ಒದ್ದಾಡಿತು. ಫೋನ್ ತೆಗೆದ. ಅವ್ವನನ್ನು ಬಲ್ಲ ಸಾವಿರಾರು ಮಂದಿ ಅದರಲ್ಲಿದ್ದರು. ನಮ್ಮವ್ವ ನಿನ್ನೆ ಹೋದಳು ಎಂದು ಬರೆದ. ಬರೆದದ್ದನ್ನು ನೋಡಿದ, ಅಳಿಸಿದ. ಅವರು ಅವಳಿಗಾಗಿ ಆಗಲೇ ಅತ್ತು ಮುಗಿಸಿದ್ದರು. ಅಷ್ಟರಲ್ಲಿ ಯಾರೋ ಅಗಸೆ ಪುಡಿ ಯಾವಾಗ ಕಳಿಸುತ್ತೀರಿ ಎಂದು ಕೇಳಿದರು. ಕುಟ್ಟುವವಳು ಇನ್ನಿಲ್ಲ ಎಂದು ಹೇಳುವಂತೆಯೂ ಇರಲಿಲ್ಲ. ನಾಳೆ ಕಳಿಸುತ್ತೇನೆ ಎಂದು ಬರೆದು, ಎದ್ದು ಹೋಗಿ ಒನಕೆ ಕೈಗೆತ್ತಿಕೊಂಡ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಮುರಿಗೆಪ್ಪನಿಗೆ ತಡೆಯಲಾಗಲಿಲ್ಲ.

"ಆಮ್ಯಾಲರ ಆ ಸುಳ್ಳು ತಗದನೋ ಇಲ್ಲೋ, ಅಪ್ಪಾರ?"

ಗುರುಗಳು ಹೇಳಿದರು: "ಯಾಕ ತಗೀತಾನ? ಈಗ ಅದು ಖರೇ ಆಗಿತ್ತಲ್ಲ."